ಮೂಲೆ ಮಡಿಸಿದ ಕಾರ್ಡು

ನೀಲವ್ವನವರನ್ನು ನಾನು ಮೊದಲು ಕಂಡದ್ದು ಕಿಟಕಿಯ ಸರಳುಗಳ ನಡುವೆ. ಪೂರ್ತಿ ಕಂಡೆನೆಂದು ಹೇಳಲಾರೆ. ಒಂದು ಕಣ್ಣು, ಅರ್ಧ ಮೂಗು, ಮೂಗಿನಲ್ಲೊಂದು ನತ್ತು, ಗದ್ದದ ಹತ್ತಿರ ಬಿಗಿಯಾಗಿ ಹಿಡಿದ ಇಳಕಲ್ ಸೀರೆಯ ಸೆರಗು, ಇಷ್ಟೇ. ನಾವು ಗಜೇಂದ್ರಗಡದ ಈ ಹೊಸ ಬಡಾವಣೆಗೆ ಬಾಡಿಗೆಗೆ ಬಂದ ಮರುದಿನ ಅದು. ನಳಕ್ಕೆ ನೀರು ಯಾವ ಹೊತ್ತಿಗೆ ಬರುತ್ತದೆಂದು ಕೇಳಲು ಎದುರುಮನೆಗೆ ಹೋಗಿದ್ದೆ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು, ತಲೆಗೆ ಹದವಾಗಿ ಎಣ್ಣೆ. (ನಮ್ಮ ಮನೆತನದ ಮೊದಲ ಪದವೀಧರ ನಾನು. ನೋಡಿದವರಿಗೆ ಅದು ತಿಳಿಯಲಿ ಎಂಬ ಆಸೆ ನನಗಿದೆ.)

“ಏನ್ ಮಾರ್ತೀರಿ?” ಎಂದಿತು ಆ ಅರ್ಧ ಮೂಗು.

“ಮಾರಾಕ ಬಂದಿಲ್ರಿ. ನೀರು ಯಾವಾಗ...”

“ನೀರ ಸೋಸೂ ಮಷೀನ್ ನಮಗ ಬ್ಯಾಡ್ರಿ. ಮುಂದಿನ ಮನೀಗೆ ಹೋಗ್ರಿ.”

ಕಿಟಕಿ ಮುಚ್ಚಿತು. ಒಳಗೆ ಚಿಲಕ ಹಾಕಿದ ಸಪ್ಪಳವೂ ಕೇಳಿತು.

ತಪ್ಪು ಅವರದಲ್ಲ. ನಾವು ಬರುವ ಮೊದಲು ಯಾರೋ ಇಬ್ಬರು ಬಂಗಾರ ತೊಳೆದು ಹೊಳಪು ಮಾಡಿಕೊಡುತ್ತೇವೆಂದು ಬಂದು, ಒಬ್ಬರ ಕೈಯ ಬಿಲವಾರದ ಬಳೆಗಳನ್ನೇ ತೊಳೆದುಕೊಂಡು ಹೋಗಿಬಿಟ್ಟಿದ್ದರಂತೆ. ಅಂದಿನಿಂದ ಓಣಿಗೆ ಓಣಿಯೇ ಸಂಶಯದ ಮೇಲೆ ಬದುಕುತ್ತಿತ್ತು. ಹಾಲಿನವನೂ ಹೊರಗೆ ನಿಂತು ತನ್ನ ಹೆಸರು, ತನ್ನ ಅಪ್ಪನ ಹೆಸರು ಕೂಗಿ ಹೇಳಿದ ಮೇಲೆಯೇ ಪಾತ್ರೆ ಹೊರಗೆ ಬರುತ್ತಿತ್ತು.

ಆದರೆ ಈ ಓಣಿಯ ಬಾಗಿಲುಗಳು ತೆರೆಯಲೇಬೇಕಾದ ಸಂದರ್ಭ ನನಗಿತ್ತು. ನನ್ನ ಹೆಂಡತಿ ರೂಪಾ ಏಳು ತಿಂಗಳ ಬಸುರಿ. ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬಿ ಕುಬಸ ಮಾಡಬೇಕು. ನಮ್ಮೂರು ಸವಡಿಯಲ್ಲಿ ಮಾಡೋಣವೆಂದರೆ, ಆ ರಸ್ತೆಯಲ್ಲಿ ಬಸ್ಸು ಹತ್ತಿಸಬೇಡಿ ಎಂದು ಡಾಕ್ಟರರು ಹೇಳಿದ್ದರು. ಊರಿನಿಂದ ನಮ್ಮವ್ವ ಗಾಳೆವ್ವ ಫೋನಿನಲ್ಲಿ ಗುಡುಗಿದಳು: “ಶುಕ್ರವಾರ ನಾವು ಬರ್ತೇವಿ. ಆದ್ರ ಓಣ್ಯಾಗಿನ ಮುತ್ತೈದೇರು ಬಂದು ಆರತಿ ಎತ್ತಲಿಲ್ಲಂದ್ರ ಅದೆಂಥಾ ಕುಬಸೋ? ನಿನ್ನ ಹೇಂತಿ ಕಣ್ಣಾಗ ನೀರ ಬಂದ್ರ ನಿನ್ನ ಬಿಡೂದಿಲ್ಲ ನೋಡು!”

“ಅದರಾಗೇನೈತ್ರಿ?” ಎಂದಳು ರೂಪಾ. “ಕುಂಕುಮದ ಬಟ್ಟಲ ತಗೊಂಡು ಮನಿಮನಿಗೆ ಹೋಗಿ ಕರದು ಬರ್ತೀನಿ.”

ನಾನು ಒಪ್ಪಲಿಲ್ಲ. ಗುರುತಿಲ್ಲದವರ ಹಣೆಗೆ ಏಕಾಏಕಿ ಕುಂಕುಮ ಹಚ್ಚಲು ಹೋಗುವುದು ಸುಶಿಕ್ಷಿತರ ಲಕ್ಷಣವೇ? ಮೊದಲು ಪರಿಚಯ, ಆಮೇಲೆ ಆಮಂತ್ರಣ. ಮೊಬೈಲಿನಲ್ಲಿ ಓದಿದ್ದೆ: ನಾಗರಿಕ ಸಮಾಜದಲ್ಲಿ ತನ್ನ ಹೆಸರಿನ ಕಾರ್ಡು ಹಿಡಿದು ಭೇಟಿಗೆ ಹೋಗುತ್ತಾರಂತೆ. ಅದರಲ್ಲಿ ಉದ್ಯೋಗ, ಅಂಗಡಿ, ಜಾಹೀರಾತು ಏನೂ ಇರಬಾರದು. ಮನೆಯವರು ಸಿಗದಿದ್ದರೆ ಕಾರ್ಡಿನ ಒಂದು ಮೂಲೆ ಮಡಿಸಿ ಬಿಟ್ಟು ಬರಬೇಕು. ‘ಸ್ವತಃ ಬಂದಿದ್ದೆ’ ಎಂದು ಅದರ ಅರ್ಥ. ಎಂಥ ಗೌರವ! ಎಂಥ ಮಿತಭಾಷೆ!

ಮರುದಿನ ರೋಣದಲ್ಲಿ ಕಚೇರಿ ಬಿಟ್ಟವನೇ ಸಾಜೀದನ ಪ್ರಿಂಟಿಂಗ್ ಪ್ರೆಸ್ಸಿಗೆ ಹೋದೆ.

“ಹೆಸರಿನ ಕೆಳಗ ಧಂಧೆ ಏನ್ ಹಾಕ್ಲಿರಿ?” ಎಂದ ಸಾಜೀದ.

“ಏನೂ ಬ್ಯಾಡ.”

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಎಲೆಕ್ಷನ್‌ಗೆ ನಿಂತೀರೇನ್ರಿ?”

“ಇಲ್ಲ.”

“ಪ್ಲಾಟ್ ಮಾರ್ತೀರಿ?”

“ಇಲ್ಲಪ್ಪಾ. ಬರೇ ಹೆಸರು. ಬಿಳೀ ಕಾಗದ, ಕರೀ ಅಕ್ಷರ, ಸುತ್ತಲೂ ತೆಳ್ಳಗ ಒಂದು ಕರೀ ಗೆರಿ. ಸಾದಾ ಇರಲಿ, ಗಂಭೀರ ಇರಲಿ.”

ಸಾಜೀದ ಪೆನ್ನು ಕೆಳಗಿಟ್ಟ. ಯಾಕೋ ದನಿ ತಗ್ಗಿಸಿ, “ಫೋಟೋ ಕೊಡ್ತೀರೇನ್ರಿ?” ಎಂದ. ಬೇಡವೆಂದೆ. ಚಹಾ ತರಿಸಿ ಕುಡಿಸಿದ. ಕಾರ್ಡಿಗೆ ಇಷ್ಟು ಮರ್ಯಾದೆ ಎಂದು ನಾನು ಉಬ್ಬಿದೆ.

ಕಾರ್ಡು ನೋಡಿದ ರೂಪಾಳ ಹುಬ್ಬು ಗಂಟಾಯಿತು. “ದ್ಯಾಮೇಶ ಹುಚ್ಚಪ್ಪ ಸವಡಿ, ಬಿ.ಎ. ಅಷ್ಟ? ಇದರಾಗ ನನ್ನ ಹೆಸರು ಎಲ್ಲೈತ್ರಿ?”

“ಇದು ವೈಯಕ್ತಿಕ.”

“ಏನದು ನನಗ ತಿಳೀಲಾರದ ವೈಯಕ್ತಿಕ?”

ಪದವಿ ಇಲ್ಲದವರೊಡನೆ ವಾದ ಬೇಡವೆಂದು ಸುಮ್ಮನಾದೆ. (ರೂಪಾ ಬಿ.ಕಾಂ. ಮಾಡಿದ್ದಾಳೆಂಬುದು ಆ ಗಳಿಗೆಯಲ್ಲಿ ನನಗೆ ನೆನಪಾಗಲಿಲ್ಲ.)

ಭಾನುವಾರ ಬೆಳಿಗ್ಗೆ, ಗುಡ್ಡದ ಕಡೆಯಿಂದ ಬೀಸುವ ತಣ್ಣನೆಯ ಗಾಳಿಗೆ ಎದೆಯೊಡ್ಡಿ, ಓಣಿಯ ಮೇಲೆ ದಂಡಯಾತ್ರೆ ಹೊರಟೆ. ಬಾಗಿಲು ಬಡಿದೆ. ಒಳಗೆ ಟೀವಿ ಸದ್ದು ನಿಲ್ಲುತ್ತಿತ್ತು, ಕಿಟಕಿಯ ಪರದೆ ಅಲುಗುತ್ತಿತ್ತು, ಬಾಗಿಲು ಮಾತ್ರ ತೆರೆಯುತ್ತಿರಲಿಲ್ಲ. ನಾನು ಧೃತಿಗೆಡಲಿಲ್ಲ. ಪ್ರತಿ ಮನೆಯ ಚಿಲಕಕ್ಕೂ ಒಂದೊಂದು ಕಾರ್ಡು ಸಿಕ್ಕಿಸಿ ಮೂಲೆ ಮಡಿಸಿದೆ. ಸಾಜೀದ ದಪ್ಪ ಕಾಗದ ಹಾಕಿದ್ದನಾದ್ದರಿಂದ ಮಡಿಸಿದಲ್ಲಿ ಮೂಲೆ ಅರ್ಧ ಹರಿದು ಜೋತಾಡುತ್ತಿತ್ತು. ಇರಲಿ, ಸ್ವತಃ ಬಂದದ್ದು ಇನ್ನಷ್ಟು ಸ್ಪಷ್ಟವಾಯಿತು ಎಂದುಕೊಂಡೆ.

ಸಂಜೆಯ ಹೊತ್ತಿಗೆ ನೆಗಡಿ ಹಿಡಿಯಿತು. ಸೋಮವಾರ ರಜೆ ಹಾಕಿ ಮನೆಯಲ್ಲೇ ಬಿದ್ದುಕೊಂಡೆ. ಕಾಯಿಪಲ್ಲೆ ತರಲು ಹೋದ ರೂಪಾ ಕೆಂಪು ಮುಖ ಹೊತ್ತು ಬಂದಳು.

“ಏನ್ ಮಾಡಿ ಬಂದೀರಿ ನೀವು? ಗಾಡಿ ಹತ್ರ ನಿಂತ ಹೆಂಗಸರು ನನ್ನ ಹಣಿ ನೋಡ್ತಾರ, ಹಣಿ ಮ್ಯಾಲಿನ ಕುಂಕುಮ ನೋಡ್ತಾರ, ಮುಡಕೊಂಡ ಹೂ ನೋಡ್ತಾರ, ಆಮ್ಯಾಲ ಒಬ್ಬರ ಮಾರಿ ಒಬ್ಬರು ನೋಡ್ತಾರ. ಒಬ್ಬಾಕಿ ನನ್ನ ಹೊಟ್ಟಿ ನೋಡಿ ಕಣ್ಣೀರ ವರಸಿಕೊಂಡ್ಲು!”

“ನನ್ನ ಕಾರ್ಡು ನೋಡಿ ಹೊಟ್ಟಿಕಿಚ್ಚು ಬಂದಿರಬೇಕು.”

“ಖರೇ ಹೇಳ್ರಿ. ಎಲ್ಲೆರ ಮತ್ತೊಂದು ಸಂಸಾರ ಹೂಡೀರೇನು? ಕಾರ್ಡಿನ್ಯಾಗ ನನ್ನ ಹೆಸರು ಯಾಕ ಇಲ್ಲಂತ ಈಗ ತಿಳೀತು ನನಗ!”

ನಾನು ಒಂದರ ಹಿಂದೊಂದು ಸೀನಿದೆ. ಅಪರಾಧಿಯ ಸೀನು ಎಂಬಂತೆ ಅವಳು ನನ್ನನ್ನೇ ನೋಡಿದಳು. ಆದರೂ ಗಂಡನಲ್ಲವೇ, ಸಂಜೆ ಕಷಾಯಕ್ಕೆ ತುಳಸಿ ಕೀಳಲು ಹಿತ್ತಲಿಗೆ ಹೋದಳು. ನಾನು ಪಡಸಾಲೆಯಲ್ಲಿ ಚಾಪೆಯ ಮೇಲೆ ಮಲಗಿ, ಬಿಳಿ ಧೋತರವನ್ನು ಕಾಲಿನಿಂದ ತಲೆಯವರೆಗೆ ಎಳೆದುಕೊಂಡೆ. ಮುಂಬಾಗಿಲು ತೆರೆದೇ ಇತ್ತು.

ಆಗ ಬಹಳ ಕಾಲುಗಳ ಸಪ್ಪಳ ಕೇಳಿತು. ಹಿಂದೆಯೇ ಒಂದು ದೊಡ್ಡ ಗೋಳು.

“ಅಯ್ಯಯ್ಯೋ ತಮ್ಮಾ! ಬಸುರಿ ಹೇಂತೀನ ಬಿಟ್ಟು ಹ್ಯಾಂಗ ಹೋದ್ಯೋ!”

ಧ್ವನಿ ನೀಲವ್ವನವರದು! ಎದುರುಮನೆಯವರು ಮೊದಲ ಬಾರಿಗೆ ಮನೆಗೆ ಬಂದಿದ್ದಾರೆ, ನಾನು ಮಲಗಿರುವುದು ಶಿಷ್ಟಾಚಾರವಲ್ಲ. ಥಟ್ಟನೆ ಎದ್ದು ಕುಳಿತು, ಧೋತರ ಸರಿಸಿ, ಕೈ ಜೋಡಿಸಿದೆ.

“ಬರ್ರಿ, ಕೂಡ್ರಿ.”

ಯಾರೂ ಕೂಡಲಿಲ್ಲ. ನೀಲವ್ವನವರು ತಮ್ಮ ಯಜಮಾನರಾದ ಮಹಾಲಿಂಗಪ್ಪನವರ ಮೇಲೆ ಬಿದ್ದರು, ಮಹಾಲಿಂಗಪ್ಪನವರು ಹಿಂದಿನವರ ಮೇಲೆ, ಹಿಂದಿನವರು ಕಟ್ಟೆಯಿಂದ ರಸ್ತೆಗೆ. ಯಾರೋ ದೇವರ ಹೆಸರು ಕೂಗಿದರು. ಅಷ್ಟರಲ್ಲಿ ನನಗೆ ಸೀನು ಬಂತು.

“ಸೀನ್ತಾನ! ತಡೀರಿ, ಜೀವ ಐತಿ!” ಎಂದರು ನೀಲವ್ವ.

ಗದ್ದಲಕ್ಕೆ ರೂಪಾ ತುಳಸಿ ಹಿಡಿದು ಓಡಿ ಬಂದಳು. ನೀಲವ್ವನವರು ಸೆರಗಿನ ತುದಿಯಿಂದ ಹಿಡಿದು ನನ್ನ ಕಾರ್ಡನ್ನು ಮುಂದೆ ಚಾಚಿದರು.

“ಏನಪ್ಪಾ ಇದು? ಸುತ್ತ ಕರೀ ಗೆರಿ. ಅರಿಷಿಣ ಇಲ್ಲ, ಕುಂಕುಮ ಇಲ್ಲ. ಮೂಲಿ ಹರದೈತಿ. ನಡಬರಕ ನಿನ್ನ ಹೆಸರು ಒಂದ! ಓದಿದವ್ರು ಏನಂತ ತಿಳೀಬೇಕು?”

ನಾನು ನನ್ನ ಕಾರ್ಡನ್ನು ಮತ್ತೊಮ್ಮೆ ನೋಡಿದೆ. ನಮ್ಮ ಕಡೆ ಸಾವಿನ ಸುದ್ದಿಯ ಕಾಗದಕ್ಕೆ ಮೂಲೆ ಹರಿದಿರುತ್ತಾರೆ. ಅದನ್ನು ಒಳಗೆ ತರದೆ ಹೊಸ್ತಿಲಾಚೆಯೇ ಓದಿ, ಕೈಕಾಲು ತೊಳೆದು ಒಳಗೆ ಹೋಗುತ್ತಾರೆ. ಸವಡಿಯಲ್ಲಿ ಹುಟ್ಟಿದ ನನಗೆ ಇದು ಗೊತ್ತಿಲ್ಲದ್ದಲ್ಲ. ಆದರೆ ನಾಗರಿಕತೆಯ ಭರದಲ್ಲಿ ನನ್ನ ಸಾವನ್ನು ನಾನೇ ಮನೆಮನೆಗೆ ಹಂಚಿ ಬಂದಿದ್ದೆ.

“ನಿನ್ನಿಯಿಂದ ಕಾಯಾಕತ್ತೇವಿ, ಹೆಣಾ ಯಾವಾಗ ಎತ್ತತಾರ ಅಂತ,” ಎಂದರು ಮಹಾಲಿಂಗಪ್ಪ. “ಅಳೂ ಸಪ್ಪಳಿಲ್ಲ, ಬೀಗರು ಬಂದಿಲ್ಲ. ಈ ತಂಗಿ ನೋಡಿದ್ರ ಹೂ ಮುಡಕೊಂಡು ಬದನಿಕಾಯಿ ಕೊಳ್ಳಾಕತ್ತಾಳ! ನಮಗ ಇವಳ ಮ್ಯಾಲ ಸಂಶೇ ಬಂತು. ಕುಣಿ ತೋಡೋರಿಗೆ ಬ್ಯಾರೆ ಹೇಳಿ ಬಂದೀನಿ. ಈಗ ಅವರಿಗೇನ್ ಹೇಳ್ಲಿ?” ಅವರ ಮುಖದಲ್ಲಿ ಕೊಂಚ ನಿರಾಸೆಯೂ ಇತ್ತು.

“ನನ್ನ ಮ್ಯಾಲ ಸಂಶೇ!” ರೂಪಾ ಅಲ್ಲೇ ಕುಸಿದು ಕುಳಿತಳು. “ನೋಡ್ರಿ ಅಕ್ಕಾರ, ಶುಕ್ರವಾರ ನನ್ನ ಕುಬಸ. ನಿಮ್ಮನ್ನೆಲ್ಲಾ ಕರೀಬೇಕಂತ ಇದ್ನಿ. ಮೊದಲ ಪರಿಚಯ ಆಗಬೇಕಂತ ಇವ್ರು ಇದನ್ನ ಹಂಚಿ ಬಂದಾರ. ಇನ್ನ ಯಾರು ಬರ್ತಾರ ಈ ಮನೀಗೆ?” ಅವಳ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಸವಡಿಯಿಂದ ನಮ್ಮವ್ವ ನನ್ನನ್ನೇ ನೋಡುತ್ತಿದ್ದಾಳೆ ಅನಿಸಿತು.

ನೀಲವ್ವನವರು ರೂಪಾಳ ಪಕ್ಕ ಕುಳಿತು ಅವಳ ಕೈ ಹಿಡಿದುಕೊಂಡರು.

“ಕುಬಸ ಐತಂತ ಬಾಯಿಬಿಟ್ಟು ಹೇಳಬಾರದೇನ ನಮ್ಮವ್ವಾ?”

“ನೀವು ಬಾಗಿಲಾನ ತಗೀಲಿಲ್ಲಲ್ರಿ,” ಎಂದೆ ನಾನು.

“ನಿನಗ್ಯಾಕ ತಗೀಬೇಕು? ಈಕೀನ ಕರಕೊಂಡು ಬಂದಿದ್ರ ತಗೀತಿದ್ನಿ,” ಎಂದವರು ತೀರ್ಪು ಕೊಟ್ಟರು. “ಈಗ ಎಲ್ಲಾ ಮನಿಗೆ ಹೋಗಿ ಆ ಕಾಗದ ಆರಿಸ್ಕೊಂಡು ಬಂದು ಸುಡು. ತಲಿ ಮ್ಯಾಲ ನೀರ ಹಾಕ್ಕೊ. ಆಮ್ಯಾಲ ಇಬ್ಬರೂ ಕೂಡಿ ಮನಿಮನಿಗೆ ಬಂದು ಕರೀರಿ. ಅಳಾಕ ಬಂದಲ್ಲೇ ಕುಬಸಕ್ಕ ಕರೀಬಾರದು.”

“ಅಕ್ಕಾರ, ನನಗ ನೆಗಡಿ...”

“ಸತ್ತಾವನಿಗೆಂಥಾ ನೆಗಡಿ? ಹಾಕ್ಕೊ.”

ಹಿತ್ತಲಲ್ಲಿ ತಣ್ಣೀರು ಸುರಿದುಕೊಂಡು, ಹಲ್ಲು ಕಡಿಯುತ್ತ, ರೂಪಾಳ ಹಿಂದೆ ಕುಂಕುಮದ ತಟ್ಟೆ ಹಿಡಿದು ನಡೆದೆ. ಅವಳು ಬಾಗಿಲು ಮುಟ್ಟುವ ಮೊದಲೇ ಬಾಗಿಲುಗಳು ತೆರೆಯುತ್ತಿದ್ದವು. ಪ್ರತಿ ಮನೆಯಲ್ಲೂ ಅವಳ ಹಣೆಗೆ ಕುಂಕುಮ ಹಚ್ಚಿ, ಕೈಗೆ ಸಕ್ಕರೆ ಕೊಟ್ಟು, ಆಮೇಲೆ ನನ್ನ ಕಡೆ ನೋಡಿ ಕೇಳುತ್ತಿದ್ದರು: “ಸತ್ತವ್ರು ಇವರಽ ಏನು?”

“ಹೌದ್ರಿ,” ಎನ್ನುತ್ತಿದ್ದಳು ರೂಪಾ.

ಶುಕ್ರವಾರ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವ್ವ ಬಂದಿದ್ದಳು, ತವರಿನವರು ಬಂದಿದ್ದರು, ಓಣಿಯ ಅಷ್ಟೂ ಹೆಂಗಸರು ಬಂದಿದ್ದರು. ಮೊದಲ ಆರತಿ ನೀಲವ್ವನವರದೇ. ನಾನು ಜ್ವರ ಬಂದು ಒಳಕೋಣೆಯಲ್ಲಿ ಮಲಗಿದ್ದೆ. ಧೋತರ ತಲೆಯವರೆಗೆ ಎಳೆದುಕೊಳ್ಳಬಾರದೆಂದು ಅಪ್ಪಣೆಯಾಗಿತ್ತು.

ಹೆರಿಗೆಗೆ ತವರಿಗೆ ಹೋಗಿದ್ದ ರೂಪಾ ಮಗಳನ್ನು ಎತ್ತಿಕೊಂಡು ಬಂದು ಒಂದು ತಿಂಗಳಾಯಿತು. ನೀಲವ್ವನವರು ಈಗ ದಿನಾ ಬೆಳಿಗ್ಗೆ ನಮ್ಮ ಮನೆಗೆ ಬಂದು ಕೂಸಿಗೆ ಎಣ್ಣೆ ಹಚ್ಚಿ ಎರೆಯುತ್ತಾರೆ. ನೀರು ಕಾಯಿಸಿ ಕೊಡುವವನು ನಾನು.