ಸಂಸಾರ ತೋರಿಸಿದರೆ ಮಾತ್ರ ಮನೆ

ಗಲ್ಫಿನ ಅಲ್ ಐನ್‌ನಲ್ಲಿ ಬಾಡಿಗೆ ಮನೆ ಹುಡುಕುವವನಿಗೆ ಇಂಥದ್ದು ಆಗುತ್ತಲೇ ಇರುತ್ತದೆ. ನಗು ಬರುವುದು ಮನೆ ಸಿಕ್ಕಿದ ಮೇಲೆ. ನಾನು ಇಲ್ಲಿ ಗಣಿತದ ಮೇಷ್ಟ್ರು. ಹೆಂಡತಿ, ಮಗಳು ಉಡುಪಿಯಲ್ಲಿದ್ದರು. ನನ್ನ ಹೆಸರಿಗೆ ಮನೆಯ ಕರಾರು ಆಗದೆ ಅವರಿಗೆ ವೀಸಾ ಇಲ್ಲ. ಶಾಲೆ ತೆರೆಯುವುದರೊಳಗೆ ಕರೆಸಿಕೊಳ್ಳುತ್ತೇನೆಂದು ಮಗಳಿಗೆ ಮಾತು ಕೊಟ್ಟಿದ್ದೆ. ಕೈಯಲ್ಲಿ ಒಂದು ತಿಂಗಳು, ಅಳತೆಯ ಒಂದು ಟೇಪು, ಪುತ್ತೂರಿನ ಕಡೆಯ ಒಬ್ಬ ಬ್ರೋಕರ್.

೧. ಐದು ನಿಮಿಷ

ಮೊದಲ ಮನೆ ತೋರಿಸುವಾಗ ಬ್ರೋಕರ್, "ಆಸ್ಪತ್ರೆ ಬರೀ ಐದು ನಿಮಿಷ" ಎಂದ. ಬಾಯಿಮಾತು ನಂಬುವ ಅಭ್ಯಾಸ ನನಗಿಲ್ಲ. ಗಡಿಯಾರ ನೋಡಿಕೊಂಡು ಬಿಸಿಲಲ್ಲಿ ನಡೆದೆ. ಮೂವತ್ತೆಂಟು ನಿಮಿಷ. ಆಸ್ಪತ್ರೆಯ ಬಾಗಿಲಲ್ಲೇ ನಿಂತು ಫೋನ್ ಮಾಡಿ, "ನಿಮ್ಮ ಲೆಕ್ಕ ತಪ್ಪು" ಎಂದೆ.

"ನಡ್ಕೊಂಡು ಹೋದ್ರಾ ಮಾರಾಯ್ರೆ? ನಾನು ಹೇಳಿದ್ದು ಆಂಬ್ಯುಲೆನ್ಸಿನ ಲೆಕ್ಕ."

೨. ಮಗಳ ಕೋಣೆ

ಎರಡನೆಯ ಮನೆಗೆ ಎರಡು ಬೆಡ್‌ರೂಮ್ ಎಂದಿದ್ದ. ಒಂದು ನಿಜವಾದದ್ದು. ಇನ್ನೊಂದು, ಹಾಲಿಗೆ ಹಲಗೆ ಅಡ್ಡ ನಿಲ್ಲಿಸಿ ಹುಟ್ಟಿಸಿದ್ದು. ಟೇಪು ಹಿಡಿದೆ. ಉದ್ದ ನಾಲ್ಕೂ ಮುಕ್ಕಾಲು ಅಡಿ.

"ಇದರಲ್ಲಿ ಮಗಳು ಕಾಲು ಚಾಚಿ ಮಲಗುವುದು ಹೇಗೆ?"

"ಎಷ್ಟು ವರ್ಷ ಸಾರ್ ಅವಳಿಗೆ?"

"ಒಂಬತ್ತು."

"ಹಾಗಾದ್ರೆ ಈ ವರ್ಷಕ್ಕೆ ಧಾರಾಳ."

"ಬರುವ ವರ್ಷ?"

"ಕರಾರು ಒಂದೇ ವರ್ಷಕ್ಕಲ್ವಾ ಸಾರ್."

೩. ಫ್ಯಾಮಿಲಿಗೆ ಮಾತ್ರ

ಮೂರನೆಯದು ನನ್ನ ಟೇಪಿಗೂ ಒಪ್ಪಿಗೆಯಾಯಿತು. ಆದರೆ ಅಳೆದು ಕೆಳಗಿಳಿದರೆ ಕಟ್ಟಡದ ಬಾಗಿಲಲ್ಲಿ "ಫ್ಯಾಮಿಲಿಗೆ ಮಾತ್ರ" ಎಂಬ ಬೋರ್ಡು. ಕಾಸರಗೋಡಿನ ವಾಚ್‌ಮನ್ ಕೈ ಅಡ್ಡ ಹಿಡಿದ. "ಫ್ಯಾಮಿಲಿ ತೋರಿಸಿ ಸಾರ್. ನಾನು ನೋಡಿ ಸರಿ ಅಂದ್ರೇ ಓನರ್ ಸೈನ್ ಹಾಕುದು."

ಮನೆಯಾಗದೆ ಅವರು ಬರುವಂತಿಲ್ಲ, ಅವರು ಬಾರದೆ ಮನೆಯಿಲ್ಲ. ಬ್ರೋಕರ್ ನನ್ನನ್ನು ಪಕ್ಕಕ್ಕೆ ಕರೆದ. "ಒಬ್ಬರು ಅಕ್ಕ ಇದ್ದಾರೆ ಸಾರ್, ಜೊತೆಗೆ ಮಗುವೂ ಉಂಟು. ಹತ್ತು ನಿಮಿಷ ನಿಮ್ಮ ಪಕ್ಕ ನಿಂತು ಹೋಗ್ತಾರೆ. ಎಲ್ಲರೂ ಮಾಡುದೇ."

ಸುಳ್ಳು ಹೇಳಿ ಮನೆ ಹಿಡಿಯುವವನಲ್ಲ ನಾನು. ನೇರ ವಾಚ್‌ಮನ್ ಹತ್ತಿರ ಹೋಗಿ, ಸಂಸಾರ ಊರಲ್ಲಿದೆ, ಈಗ ತೋರಿಸಲಾಗದು ಎಂದೆ. ಬ್ರೋಕರ್ ಕೊಟ್ಟ ಸಲಹೆಯನ್ನೂ ಬಿಡದೆ ಹೇಳಿದೆ. ಮನೆ ಕೈತಪ್ಪಿತು ಅಂದುಕೊಂಡೆ.

ಅವನು ಅಡ್ಡ ಹಿಡಿದ ಕೈ ಇಳಿಸಿದ. "ನಾಲ್ಕು ವರ್ಷದಲ್ಲಿ ಒಬ್ಬರೇ ಬಂದದ್ದು ನೀವೇ ಮೊದಲು. ನಿಮ್ಮಿಂದ ಮುಂಚೆ ಆರು ಜನ ಫ್ಯಾಮಿಲಿ ತೋರಿಸಿದ್ರು. ಆರು ಜನಕ್ಕೂ ಆ ಅಕ್ಕನೇ. ನಿಮ್ಮ ಫ್ಯಾಮಿಲಿ ಒರಿಜಿನಲ್ ಇರ್ಬೇಕು."

ಓನರ್ ಸೈನ್ ಹಾಕಿದರು.

೪. ಒರಿಜಿನಲ್

ಶಾಲೆ ತೆರೆಯಲು ಎರಡು ದಿನ ಇರುವಾಗ ಹೆಂಡತಿ, ಮಗಳು ಬಂದಿಳಿದರು. ಕೊಟ್ಟ ಮಾತು ಉಳಿಯಿತೆಂಬ ಹೆಮ್ಮೆಯಲ್ಲಿ ಬಾಗಿಲಲ್ಲೇ ವಾಚ್‌ಮನ್‌ಗೆ ಪರಿಚಯ ಮಾಡಿಸಿದೆ. ಅವನಿಗೆ ನನಗಿಂತ ಹೆಚ್ಚು ಹೆಮ್ಮೆ.

"ಅಕ್ಕಾ, ನಿಮ್ಮ ಯಜಮಾನರಷ್ಟು ಸತ್ಯವಂತರು ಈ ಬಿಲ್ಡಿಂಗಿನಲ್ಲಿ ಬೇರೆ ಇಲ್ಲ. ಬ್ರೋಕರ್ ಒಂದು ಹೆಂಗಸನ್ನು ಕೊಡ್ತೇನೆ ಅಂದ್ರೂ ಬೇಡ ಅಂದ್ರು."

ಹೆಂಡತಿ ಸೂಟ್‌ಕೇಸ್ ಕೆಳಗಿಟ್ಟಳು. "ಯಾವ ಹೆಂಗಸು?"

"ನೋಡ್ಲಿಕ್ಕೆ ಭಾರೀ ಚಂದ. ಆದ್ರೂ ಬೇಡ ಅಂದ್ರು."

ಮಗಳು ನನ್ನ ಮುಖ ನೋಡಿ, "ಪಪ್ಪಾ, ಮನೆ ದೂರ ಉಂಟಾ?" ಎಂದಳು.

"ಇಲ್ಲ ಮಗಾ, ಎರಡನೇ ಮಾಳಿಗೆ. ಲಿಫ್ಟಿನಲ್ಲಿ ಅರ್ಧ ನಿಮಿಷ."

ತಲುಪಲು ಮೂವತ್ತೆಂಟು ನಿಮಿಷ ಹಿಡಿಯಿತು. ಗಡಿಯಾರ ನೋಡಿಕೊಂಡೇ ಹೇಳುತ್ತಿದ್ದೇನೆ.