ಮೇಸ್ತ್ರಿಯವರ ಲಿಫ್ಟ್ ಶಾಸ್ತ್ರ

ಪದವಿಯಿಲ್ಲದವರು ವಿಶ್ವವಿದ್ಯಾಲಯದ ಯಾವ ಯಂತ್ರವನ್ನೂ ಮುಟ್ಟತಕ್ಕದ್ದಲ್ಲ ಎಂಬ ಸುತ್ತೋಲೆಗೆ ಕುಲಪತಿಗಳು ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಸಹಿ ಹಾಕಿದರು. ಹತ್ತೂವರೆಗೆ ಕುಲಸಚಿವರೊಡನೆ ಲಿಫ್ಟ್ ಹತ್ತಿದರು. ಮರುನಿಮಿಷವೇ ಅದು ಎರಡನೇ ಮತ್ತು ಮೂರನೇ ಮಹಡಿಯ ನಡುವೆ ನಿಂತುಬಿಟ್ಟಿತು.

ಇಪ್ಪತ್ತೆರಡು ವರ್ಷದಿಂದ ಆ ಲಿಫ್ಟನ್ನು ನೋಡಿಕೊಂಡಿದ್ದ ಮೇಸ್ತ್ರಿ ಸ್ಕ್ರೂಡ್ರೈವರ್ ಹಿಡಿದು ಓಡಿಬಂದ. ಸದ್ದು ಕೇಳಿಯೇ ಅವನಿಗೆ ಗೊತ್ತಾಗಿತ್ತು, ಒಂದು ಸ್ಕ್ರೂ ಸಡಿಲ. ಎರಡು ನಿಮಿಷದ ಕೆಲಸ.

"ಯಾರೋ ಅದು?" ಬಾಗಿಲ ಸಂದಿಯಿಂದ ಕುಲಪತಿಗಳ ದನಿ.

"ನಾನು ಸಾರ್, ಲಿಫ್ಟ್ ಮೇಸ್ತ್ರಿ."

"ಪದವಿ ಇದೆಯೇನಯ್ಯಾ?"

"ಏಳನೇ ಕ್ಲಾಸು ಸಾರ್."

"ಹಾಗಾದ್ರೆ ಕೈ ಹಿಂದಕ್ಕೆ ತಗೋ. ನನ್ನ ಸಹಿ ಇನ್ನೂ ಒಣಗಿಲ್ಲ."

ಹೊಟ್ಟೆಪಾಡು ಹೋಯಿತೆಂದು ಮೇಸ್ತ್ರಿ ಮೆಟ್ಟಿಲ ಮೇಲೆ ಕುಸಿದ. ಅವನ ಜಾಗಕ್ಕೆ ಅಂದೇ ನೇಮಕಗೊಂಡಿದ್ದ ಚಿನ್ನದ ಪದಕದ ಹುಡುಗಿ ಬಂದಳು.

"ಅಣ್ಣಾ, ನಾನು ಓದಿದ್ದು ಹಳೇ ನಾಣ್ಯಗಳ ವಿಷಯ," ಎಂದು ಪಿಸುಗುಟ್ಟಿದಳು. "ಲಿಫ್ಟ್ ಹತ್ತೋದಕ್ಕೇ ನಂಗೆ ಭಯ."

"ನಾನು ಹೇಳಿಕೊಡ್ತೀನಮ್ಮ, ನೀನು ತಿರುಗಿಸು."

ಪದವಿಯಿಲ್ಲದವರಿಂದ ಪಾಠ ಹೇಳಿಸಿಕೊಳ್ಳುವುದು ನಿಯಮ ಹದಿನಾಲ್ಕರ ಉಲ್ಲಂಘನೆ ಎಂದು ಒಳಗಿನಿಂದ ಕುಲಸಚಿವರು ನೆನಪಿಸಿದರು.

ಮಧ್ಯಾಹ್ನ ಒಳಗಿದ್ದವರ ಹೊಟ್ಟೆ ತಾಳ ಹಾಕತೊಡಗಿದಾಗ ದಾರಿ ಹೊಳೆಯಿತು. ಇಬ್ಬರೇ ಕೋರಂ ಎಂದು ಘೋಷಿಸಿಕೊಂಡು, ಲಿಫ್ಟಿನೊಳಗೇ ತುರ್ತು ಘಟಿಕೋತ್ಸವ ನಡೆಸಿ, ಮೇಸ್ತ್ರಿಗೆ ಗೌರವ ಡಾಕ್ಟರೇಟ್ ದಯಪಾಲಿಸಲಾಯಿತು. ಮೊಹರು ಬಿದ್ದ ಪತ್ರ ಸಂದಿಯಿಂದ ಹೊರಬಂತು. ಮೆಟ್ಟಿಲ ತುಂಬ ಚಪ್ಪಾಳೆ. ಮೇಸ್ತ್ರಿಯವರು ಕಣ್ಣೊರೆಸಿಕೊಂಡು ಸ್ಕ್ರೂಡ್ರೈವರ್ ಎತ್ತಿದರು.

"ಡಾಕ್ಟರೇ, ಏನಿದು ಅನರ್ಥ!" ಕುಲಸಚಿವರು ಕಿರುಚಿದರು. "ಡಾಕ್ಟರೇಟ್ ಆದೋರು ಕೈಕೆಲಸ ಮಾಡೋ ಹಾಗಿಲ್ಲ. ತಾವು ಪಾಠ ಮಾತ್ರ ಮಾಡಬಹುದು."

ಮಂಗಳವಾರವೇ ಲಿಫ್ಟ್ ಶಾಸ್ತ್ರ ವಿಭಾಗ ಶುರುವಾಯಿತು. ಡಾಕ್ಟರ್ ಮೇಸ್ತ್ರಿಯವರು ಮುಖ್ಯಸ್ಥರು, ಚಿನ್ನದ ಪದಕದ ಹುಡುಗಿ ಮೊದಲ ವಿದ್ಯಾರ್ಥಿನಿ.

"ರೀ, ಎರಡು ನಿಮಿಷದ ಕೆಲಸ ಅಂದಿದ್ರಲ್ಲಾ?" ಎಂದು ಹೆಂಡತಿ ಕೇಳಿದಳು.

"ಅದು ಓದದೇ ಇದ್ದಾಗ ಕಣೇ. ಈಗ ಮೂರು ವರ್ಷ ಬೇಕು."

ತಿಂಗಳಾಗುವಷ್ಟರಲ್ಲಿ ಎಲ್ಲರೂ ಹೊಂದಿಕೊಂಡರು. ಲಿಫ್ಟಿನ ಬಾಗಿಲಿಗೆ 'ಕುಲಪತಿಗಳ ಕಚೇರಿ' ಎಂಬ ಫಲಕ ಬಂತು. ಊಟ, ಕಡತ, ಬೆಡ್‌ಶೀಟು ಸಂದಿಯಲ್ಲಿ ಓಡಾಡಿದವು. ಸಾಹೇಬರು ಈಗ ಯಾವಾಗ ಬಂದರೂ ಸಿಗುತ್ತಾರೆಂದು ಗುಮಾಸ್ತರು ಹಿಗ್ಗಿದರು. ಕುಲಸಚಿವರದೊಂದೇ ತಕರಾರು: ತಮ್ಮ ದರ್ಜೆಗೆ ತಕ್ಕಂತೆ, ಕೆಟ್ಟು ನಿಂತ ಪ್ರತ್ಯೇಕ ಲಿಫ್ಟೊಂದನ್ನು ಒದಗಿಸಬೇಕು. ಡಾಕ್ಟರ್ ಮೇಸ್ತ್ರಿಯವರು ಅರ್ಜಿಯನ್ನು ಕೂಲಂಕಷವಾಗಿ ಪರಿಶೀಲಿಸಿ, ಶಿಫಾರಸು ಮಾಡಿದರು.