ಪೆಸಮಿನೊ ಡ್ರಮ್ಮಿನ ಬಾಯಿ ಕಟ್ಟಿದ್ದು

ಊರಿನ ಪ್ರಾರ್ಥನೆಗೂ ಭಂಗ ತಾರದ, ತಾಳವನ್ನೂ ಬಿಡದ ಡ್ರಮ್ಮನ್ನು ಇಡೀ ಸಮೋವಾದಲ್ಲಿ ಮೊದಲು ಕಟ್ಟುವವನು ತಾನೇ ಎಂದು ಪೆಸಮಿನೊ ಹೆಂಡತಿ ಲಾಂಗಿಯ ಮುಂದೆ ಎದೆ ತಟ್ಟಿಕೊಂಡ. ತಟ್ಟಿದ್ದೂ ತಾಳಕ್ಕೆ ಸರಿಯಾಗಿಯೇ!

ಅವನಿಗೆ ಬೇರೆ ದಾರಿಯೂ ಇರಲಿಲ್ಲ. ಸಂಜೆ ಶಂಖ ಊದಿದರೆಂದರೆ ಊರಿಗೆ ಊರೇ ಮನೆಯಲ್ಲಿ ಕೂತು ಪ್ರಾರ್ಥಿಸಬೇಕು. ಕೋಳಿಯನ್ನು ಹುಶ್ ಅನ್ನುವಂತೆಯೂ ಇಲ್ಲ. ಅಂಥ ಹೊತ್ತಿನಲ್ಲಿ ಪೆಸಮಿನೊನ ಡ್ರಮ್ಮು ಆಗಲೇ ಹಲವು ಸಲ ಗುಡುಗಿತ್ತು. ಇನ್ನೊಮ್ಮೆ ಗುಡುಗಿದರೆ ಅದು ಪಕ್ಕದೂರಿನ ಚರ್ಚಿನ ಪಾಲು ಎಂದು ಊರ ಹಿರಿಯ ಲೆಯಾತಾ ಸಭೆಯಲ್ಲಿ ಸಾರಿದ್ದರು. ಅಲ್ಲಿ ಡ್ರಮ್ಮು ಬಾರಿಸುವವನು ಲಾಂಗಿಯ ಅಣ್ಣ. ನೆನೆದರೇ ಪೆಸಮಿನೊನ ಹೊಟ್ಟೆ ಉರಿಯುತ್ತಿತ್ತು.

ಆಕ್ಲೆಂಡಿನಲ್ಲಿದ್ದ ತಮ್ಮ, ಪೆಟ್ಟಿನ ಅದುರು ಹಿಡಿಯುವ ಬಿಲ್ಲೆಗಳನ್ನೂ ಆ ಅದುರನ್ನು ಡ್ರಮ್ಮಿನ ಸದ್ದಾಗಿಸಿ ಹೆಡ್‌ಫೋನಿನಲ್ಲಿ ಮಾತ್ರ ಕೇಳಿಸುವ ಪೆಟ್ಟಿಗೆಯನ್ನೂ ಹಡಗಿನಲ್ಲಿ ಕಳಿಸಿದ. ಸದ್ದು ಅಡಗಿಸಲು ಡ್ರಮ್ಮಿಗೆ ಹೊದಿಸಬೇಕಾದ ಜಾಲರಿ ಕಳಿಸುವುದನ್ನು ಮರೆತ. ಪೆಸಮಿನೊ ಧೃತಿಗೆಡಲಿಲ್ಲ. ಮನೆಯ ಸೊಳ್ಳೆಪರದೆ ಕತ್ತರಿಸಿ, ಪದರ ಪದರ ಮಡಚಿ ಬಿಗಿದ. ಡ್ರಮ್ಮಿನ ಜೊತೆ ಬಡಿಯುವ ಕಂಚಿನ ತಟ್ಟೆಗಳಿಗೆ ಸೊಂಟಕ್ಕೆ ಉಡುವ ಲಾವಾಲಾವಾ ಬಟ್ಟೆ ಸುತ್ತಿದ. ಬಿಲ್ಲೆಗಳನ್ನು ದೀವಿಹಲಸಿನ ಅಂಟಿನಿಂದ ಮೆತ್ತಿದ. ಅಂಟು ಡ್ರಮ್ಮಿಗಿಂತ ಅವನ ಗಡ್ಡಕ್ಕೆ ಚೆನ್ನಾಗಿ ಹಿಡಿಯಿತು.

"ಸೊಳ್ಳೆ ಕೈಲಿ ಕಚ್ಚಿಸ್ಕೊಳ್ಳೋಳು ನಾನು, ಪರದೆ ಹೊದ್ದು ಮೆರೆಯೋದು ನಿನ್ನ ಡ್ರಮ್ಮು. ಇನ್ಮೇಲೆ ಅದರ ಜೊತೆನೇ ಸಂಸಾರ ಮಾಡು" ಎಂದ ಲಾಂಗಿ ಅದೇ ಊರಿನ ಅತ್ತೆಯ ಮನೆಗೆ ನಡೆದಳು.

ಹೊತ್ತು ಇಳಿಯುವ ಮುಂಚೆ ಒಂದು ಸಲ ನೋಡೋಣವೆಂದು ಪೆಸಮಿನೊ ಹೆಡ್‌ಫೋನ್ ಏರಿಸಿ ಕೂತ. ಬಾರಿಸಿದರೆ ಹೊರಗೆ ಬರೀ ಟಪ್ ಟಪ್, ಕಿವಿಯೊಳಗೆ ಮಾತ್ರ ದೇವಲೋಕದ ಗುಡುಗು. ಅವನು ಆನಂದದಿಂದ ಕಣ್ಣು ಮುಚ್ಚಿದ. ಅಷ್ಟರಲ್ಲಿ ಶಂಖ ಊದಿದರು. ಆ ಕಿವಿಗೆ ಶಂಖ ಎಲ್ಲಿಂದ ಕೇಳಬೇಕು? ಊರು ತಲೆಬಾಗಿತು, ಪೆಸಮಿನೊ ತಲೆ ಕುಣಿಸಿದ.

ಅವನ ಮನೆಗೆ ಕಂಬಗಳುಂಟು, ಗೋಡೆಗಳಿಲ್ಲ. ಕಣ್ಣು ಬಿಟ್ಟರೆ ಪ್ರಾರ್ಥನೆಯ ಕಾವಲಿನವರು ದೊಣ್ಣೆ ಹಿಡಿದು ಸುತ್ತ ನಿಂತಿದ್ದರು. ಲೆಯಾತಾ ಅವರೂ ಲಾಂಗಿಯೂ ಬಂದಿದ್ದರು. ತನ್ನ ಕಲೆ ಮೆಚ್ಚಿ ನೆರೆದ ಜನವೆಂದುಕೊಂಡು ಅವನು ಇನ್ನಷ್ಟು ಹುರುಪಿನಿಂದ ಬಾರಿಸಿದ. ಲೆಯಾತಾ ಹತ್ತಿರ ಬಂದು ಹೆಡ್‌ಫೋನ್ ಕಿತ್ತರು. ಗಡ್ಡದ ನಾಲ್ಕು ಕೂದಲೂ ಅದರ ಜೊತೆ ಬಂದವು.

ಶಂಖ ಊದಿ ಆಗಿತ್ತೆಂದು ತಿಳಿದರೂ ಪೆಸಮಿನೊ ಅಂಜಲಿಲ್ಲ. ಎಲ್ಲರೆದುರು ಮತ್ತೆ ಬಾರಿಸಿ, ಇದರಿಂದ ಯಾರ ಪ್ರಾರ್ಥನೆ ಕೆಟ್ಟಿತೆಂದು ಕೇಳಿದ. ಲೆಯಾತಾ ಬಗ್ಗಿ ಸೊಳ್ಳೆಪರದೆಗೆ ಕಿವಿಯಿಟ್ಟರು.

"ಡ್ರಮ್ಮಿನದೇನೂ ತಪ್ಪಿಲ್ಲ ಕಣಪ್ಪ. ಅದು ಪಾಪ ತೆಪ್ಪಗಿತ್ತು" ಎಂದರು.

ಪೆಸಮಿನೊ ಗೆದ್ದವನ ಹಾಗೆ ಹೆಂಡತಿಯ ಕಡೆ ನೋಡಿದ.

"ಆದ್ರೆ ಅಷ್ಟು ಹೊತ್ತಿಂದ ಬಾಯಲ್ಲಿ ಡುಂ ಡುಂ ಡಿಷ್ ಅಂತ ಅರಚ್ತಾ ಇದ್ದಿದ್ದು ಯಾರು? ನಮ್ಮನೇಲಿ ನಾನು ಆಮೆನ್ ಅಂದ್ರೆ ಮೊಮ್ಮಕ್ಕಳೆಲ್ಲ ಡಿಷ್ ಅಂದ್ವು."

ಕಾವಲಿನವರ ದೊಣ್ಣೆಗಳು ನಗುವಿಗೆ ಅಲುಗಾಡಿದವು. ಅಲ್ಲೇ ತೀರ್ಪಾಯಿತು: ಡ್ರಮ್ಮು ಊರಲ್ಲೇ ಇರಲಿ, ಆದರೆ ಬಾರಿಸುವಷ್ಟು ಹೊತ್ತೂ ಪೆಸಮಿನೊನ ಬಾಯಲ್ಲಿ ಬೇಯಿಸಿದ ಕೆಸುವಿನ ಗೆಡ್ಡೆ ಇರತಕ್ಕದ್ದು.

ಇದು ಅನ್ಯಾಯವೆಂದು ಹೇಳಲು ಪೆಸಮಿನೊ ಬಾಯಿ ತೆರೆದ. ಅಷ್ಟಗಲ ತೆರೆದರೆ ಸಾಕೆಂದು ಲಾಂಗಿ ಗೆಡ್ಡೆಯ ಅಳತೆ ನೋಡಿಕೊಂಡಳು.